ಬಾಗಿಲಲ್ಲಿ ‘ಬರ್ರಿ’ ಎಂದ ಸರ್ವರ್

ಆ ಮುಂಜಾನೆ ಅಂಗಳ ಗುಡಿಸಿ, ರಂಗೋಲಿ ಎಳೆದು, ಚಹಾಕ್ಕೆ ನೀರಿಟ್ಟರೆ ಗ್ಯಾಸ್ ಮುಗಿಯಿತು. ಅದೇ ಹೊತ್ತಿಗೆ ಪಕ್ಕದ ಮನೆಯ ಭಾಭಿ ಬಾಗಿಲಿಗೆ ಬಂದರು.

"ಬರ್ರಿ ಭಾಭಿ, ಚಾ ಕುಡೀರಿ" ಎಂದೆ. ಕಲಬುರಗಿಯಲ್ಲಿ ಬಾಗಿಲಿಗೆ ಬಂದವರಿಗೆ ಬೇರೆ ಮಾತಿಲ್ಲ. ಅವರು ಕುರ್ಚಿಯ ತುದಿಯಲ್ಲಿ ಕೂತು, ಆರಿದ ಒಲೆಯನ್ನು ಕಂಡೂ ಕಾಣದಂತೆ ಎದ್ದು ಹೋದರು.

ನನ್ನ ಗಮನವೆಲ್ಲ ಲ್ಯಾಪ್‌ಟಾಪಿನಲ್ಲಿತ್ತು. ಕಮಲಾಪುರದಲ್ಲಿ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಓಣಿಯ ಹೆಂಗಸರನ್ನು ಕೂಡಿಸಿ ಸಜ್ಜೆ ರೊಟ್ಟಿ ಮಾಡಿಸುತ್ತಾಳೆ; ಆರ್ಡರ್ ಬರುವ ವೆಬ್‌ಸೈಟು ನನ್ನ ಪಾಲಿನ ಕೆಲಸ. ಹೋದ ವರ್ಷ ಎಳ್ಳು ಅಮಾವಾಸ್ಯೆಗೆ ಜನ ಒಮ್ಮೆಲೇ ನುಗ್ಗಿ, ಇದ್ದ ಒಂದೇ ಸರ್ವರ್ ಕುಸಿದು, ಬಡಿದಿಟ್ಟ ರೊಟ್ಟಿ ಹಾಗೇ ಉಳಿದಿತ್ತು. ಈ ಸಲ ಎರಡು ಸರ್ವರ್ ಬಾಡಿಗೆಗೆ ಹಿಡಿದು, ಮುಂದೆ ಲೋಡ್ ಬ್ಯಾಲೆನ್ಸರ್ ಕೂಡಿಸಿದ್ದೆ. ಬಂದವರನ್ನು ಸರದಿಯಂತೆ ಒಬ್ಬರನ್ನು ಇತ್ತ, ಒಬ್ಬರನ್ನು ಅತ್ತ ಕಳಿಸುವುದು ಅದರ ಕೆಲಸ.

ಬುಕಿಂಗ್ ತೆರೆದದ್ದೇ ತಡ, ನೆಗೆಣ್ಣಿಯ ಫೋನು.

"ಅಕ್ಕಾ, ಅರ್ಧ ಮಂದಿಗೆ ಆರ್ಡರೇ ಹೋಗವಲ್ದಂತ. ಇವತ್ತೂ ಕೆಟ್ಟರ ಹೆಣ್ಮಕ್ಕಳು ಇದನ್ನ ಬಿಟ್ಟು ಹೊಲಕ್ಕ ಹೋಗ್ತಾರ ನೋಡ್ರಿ."

"ಕೆಡಾಕ ಬಿಡಂಗಿಲ್ಲ. ಫೋನ್ ಇಡು."

ನಾನೇ ಗಿರಾಕಿಯಾಗಿ ಒತ್ತಿ ನೋಡಿದೆ. ಒಮ್ಮೆ ಆರ್ಡರ್ ಹೋಯಿತು, ಮರುಸಲ ಬರೀ ಬಿಳಿ ಪುಟ. ಮತ್ತೆ ಹೋಯಿತು, ಮತ್ತೆ ಬಿಳಿ. ಒಂದು ಸರ್ವರ್ ಕೆಟ್ಟಿತ್ತು. ಬ್ಯಾಲೆನ್ಸರ್ ಅದಕ್ಕೂ ಸರದಿ ತಪ್ಪಿಸದೆ ಜನರನ್ನು ಕಳಿಸುತ್ತಿತ್ತು. ಸರ್ವರ್ ಸರಿಯಿದೆಯೇ ಎಂದು ಅದು ಆಗಾಗ ವಿಚಾರಿಸುತ್ತದೆ, ನಿಜ. ಆದರೆ ಎಲ್ಲಿ ವಿಚಾರಿಸುತ್ತಿತ್ತು? ನಾನು ಕೊಟ್ಟಿದ್ದು ಮುಖಪುಟದ ವಿಳಾಸ. ಮುಖಪುಟ ಯಾವಾಗ ಕೇಳಿದರೂ "ಬರ್ರಿ" ಅನ್ನುತ್ತಿತ್ತು. ಒಳಗೆ ಆರ್ಡರ್ ಬರೆದುಕೊಳ್ಳುವ ಡೇಟಾಬೇಸಿನ ಸಂಪರ್ಕವೇ ಕಡಿದಿತ್ತು.

ನನ್ನ ಕಣ್ಣು ಆರಿದ ಒಲೆಯ ಕಡೆ ಹೋಯಿತು. ನಗುವೂ ಬಂತು, ಸಿಟ್ಟೂ ಬಂತು.

ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷನ್ನೇ ನೆಚ್ಚಿಕೊಂಡು ಬ್ಯಾಲೆನ್ಸರಿನ ಸೂಚನೆಗಳನ್ನು ಸಾಲುಸಾಲಾಗಿ ಓದಿದೆ. ಆ ವಿಳಾಸ ಅಳಿಸಿ ಆರ್ಡರ್ ಪುಟದ್ದು ಹಾಕಿದೆ. ಬ್ಯಾಲೆನ್ಸರ್ ಕೆಟ್ಟ ಸರ್ವರನ್ನು ಸರದಿಯಿಂದ ಕೈಬಿಟ್ಟಿತು. ನಾನು ಅದರ ಸಂಪರ್ಕ ಸರಿಪಡಿಸುವ ತನಕ ಇನ್ನೊಂದೇ ಕುಂಟುತ್ತ ಎಲ್ಲರನ್ನೂ ಸಂಭಾಳಿಸಿತು. ಮಧ್ಯಾಹ್ನ ಫೋನಿನಲ್ಲಿ ನೆಗೆಣ್ಣಿಯ ಮಾತಿಗಿಂತ ರೊಟ್ಟಿ ಬಡಿಯುವ ಸಪ್ಪಳವೇ ಜೋರಾಗಿ ಕೇಳಿಸಿತು.

ಸಂಜೆ ಹೊಸ ಸಿಲಿಂಡರ್ ಜೋಡಿಸಿ ಹೊರಗೆ ಬಂದರೆ ಭಾಭಿ.

"ಬರ್ರಿ ಭಾಭಿ, ಚಾ ಕುಡೀರಿ."

ಅವರು ಹೊಸ್ತಿಲಲ್ಲೇ ನಿಂತು ಅಡುಗೆಮನೆಯತ್ತ ಕತ್ತು ಚಾಚಿದರು.

"ತಡೀರಿ ಅಕ್ಕಾ, ಮೊದಲ ಒಲಿ ಹತ್ತ್ಯದೇನು ನೋಡ್ತೀನಿ. ಆಮ್ಯಾಲ ಒಳಗ ಬರ್ತೀನಿ."