ಮಾವನ ಹೆಗಲ ಮೇಲಿನ ಕಂಬಳಿ

ಕಳೆದ ತಿಂಗಳು ಕರಿಬೇವಿನ ಕುಂಡಕ್ಕೆಂದು ದುರ್ಗದ ಅಂಗಡಿಯೊಂದರಿಂದ ಒಂದು ಪೊಟ್ಟಣ ಕುರಿಗೊಬ್ಬರ ತಂದೆ. ಮೂಲೆ ಕತ್ತರಿಸಿದ್ದೇ ತಡ, ಒಣಗಿದ ಹಿಕ್ಕೆಯ ಘಾಟು ಮೂಗಿಗೆ ಬಡಿಯಿತು. ಅದರ ಹಿಂದೆಯೇ ಬಿಸಿಲಿಗೆ ಕಾದ ಕೆಂಪು ಮಣ್ಣು, ಕುರಿಗಳ ಮೈವಾಸನೆ, ಅವ್ವನ ಹೊಲ... ಪೊಟ್ಟಣ ತಿರುಗಿಸಿದೆ. ಒಂದು ಹಸಿರೆಲೆಯ ಚಿತ್ರ, ‘ಭೂಮಿಯ ಉಳಿವಿಗಾಗಿ’ ಎಂಬ ಬರಹ, ಕೆಳಗೆ ಕೈಯಲ್ಲಿ ಕೋಲು ಹಿಡಿದು, ಹೆಗಲಿಗೆ ಕಂಬಳಿ ಹಾಕಿಕೊಂಡು ನಗುತ್ತಿರುವ ಕುರಿಗಾಹಿ.

ಕುರಿಗಾಹಿಯಂತೆ, ಕುರಿಗಾಹಿ! ಅವನು ನನ್ನ ಸೋದರಮಾವ. ಜೀವಮಾನದಲ್ಲಿ ಒಂದು ಮರಿಯನ್ನೂ ಎತ್ತಿಕೊಂಡವನಲ್ಲ. ಕುರಿ ಎದುರಿಗೆ ಬಂದರೆ ಪಂಚೆ ಎತ್ತಿ ಹಿಡಿದು ದೂರ ಸರಿಯುತ್ತಿದ್ದ. ತಟ್ಟೆಯಲ್ಲಿ ಬಂದರೆ ಮಾತ್ರ ಸರಿಯುತ್ತಿರಲಿಲ್ಲ.

ಮಾವನಿಗೆ ಚಳ್ಳಕೆರೆಯಲ್ಲಿ ರಸಗೊಬ್ಬರದ ಅಂಗಡಿಯಿತ್ತು. ಅವ್ವ ಅವನ ಒಬ್ಬಳೇ ತಂಗಿ. ಅಪ್ಪ ತೀರಿಕೊಂಡ ಮೇಲೆ ಸಿದ್ದಾಪುರದ ಹತ್ತಿರದ ನಮ್ಮ ಹೊಲವನ್ನು ಅವ್ವನೇ ಮಾಡುತ್ತಿದ್ದಳು. ಬದುವಿನ ಮೇಲೆ ನಿಂತರೆ ಜಟಿಂಗ ರಾಮೇಶ್ವರನ ಬೆಟ್ಟ ಕಾಣುತ್ತಿತ್ತು. ಪ್ರತಿ ವರ್ಷ ಶೇಂಗಾ ಕಿತ್ತ ಮೇಲೆ, ಊರವರೆಲ್ಲ ಕುರಿ ಅಜ್ಜ ಎನ್ನುತ್ತಿದ್ದ ಮುದಿ ಕುರಿಗಾಹಿಯೊಬ್ಬ ತನ್ನ ಮಂದೆಯನ್ನು ತಂದು ಆ ಹೊಲದಲ್ಲಿ ಕೂರಿಸುತ್ತಿದ್ದ. ರಾತ್ರಿಯೆಲ್ಲ ಕುರಿಗಳು ಹಿಕ್ಕೆ ಹಾಕಿ, ಉಚ್ಚೆ ಹೊಯ್ದು, ನೆಲ ತುಳಿಯುತ್ತಿದ್ದವು. ಹೊಲಕ್ಕೆ ಬೇಕಾದ್ದು ಅಷ್ಟೇ. ಅದಕ್ಕೆ ಪ್ರತಿಯಾಗಿ ಅವ್ವ ಅಜ್ಜನಿಗೆ ಮುದ್ದೆ ಉಣಿಸಿ, ಹೋಗುವಾಗ ರಾಗಿ ಅಳೆದು ಕೊಡುತ್ತಿದ್ದಳು. ಒಂದು ಸಲ ಜಾಲಿಮುಳ್ಳಿಗೆ ಸಿಕ್ಕಿ ಹರಿದ ಅಜ್ಜನ ಕಂಬಳಿಗೆ ಕೆಂಪು ದಾರದಲ್ಲಿ ತೇಪೆ ಹಾಕಿಯೂ ಕೊಟ್ಟಿದ್ದಳು.

ಯೂರಿಯಾ ಮಾರಿಕೊಂಡೇ ಹೊಟ್ಟೆ ಬೆಳೆಸಿದ ಮಾವನಿಗೆ ಇದ್ದಕ್ಕಿದ್ದಂತೆ ಭೂಮಿತಾಯಿಯ ಮೇಲೆ ಪ್ರೀತಿ ಉಕ್ಕಿತು. ಘಟ್ಟದ ಕಡೆಯ ಕಾಫಿ ತೋಟದವರು ಕುರಿಗೊಬ್ಬರ ಕೇಳುತ್ತಿದ್ದರು. ವಿಷ ಹಾಕದೆ ಬೆಳೆದ ಕಾಫಿಯೆಂದರೆ ಹೊರದೇಶದವರು ಮುಗಿಬೀಳುತ್ತಾರಂತೆ. ಮಾವ ಹೆದ್ದಾರಿಯ ಪಕ್ಕದಲ್ಲಿ ಬಲೆ ಕಟ್ಟಿ ದೊಡ್ಡ ರೊಪ್ಪ ಮಾಡಿಸಿದ. ಒಬ್ಬೊಬ್ಬರೇ ಕುರಿಯವರಿಗೆ ಮುಂಗಡ ಕೊಟ್ಟು, ಅವರ ಮಂದೆಗಳು ರಾತ್ರಿ ಅಲ್ಲೇ ತಂಗುವಂತೆ ಮಾಡಿದ. ಬೆಳಿಗ್ಗೆ ಗುಡಿಸಿದ ಹಿಕ್ಕೆ ಲಾರಿ ಹತ್ತಿ ಘಟ್ಟಕ್ಕೆ ಹೋಗುತ್ತಿತ್ತು. ಹಿಕ್ಕೆ ಕಾಣದೆ ಬಡವಾದ ಹೊಲಗಳವರು ಯೂರಿಯಾ ಕೇಳಿಕೊಂಡು ಅವನ ಅಂಗಡಿಗೇ ಬರುತ್ತಿದ್ದರು. ಎಲ್ಲೋ ದೂರದವರು ಕಾಫಿ ಕುಡಿದು ಭೂಮಿ ಉಳಿಸಿದೆವೆಂದು ಹಿಗ್ಗಲಿಕ್ಕೆ ನಮ್ಮ ಸೀಮೆಯ ನೆಲ ಉಪವಾಸ ಬಿದ್ದಿತು. ಮಾವ ಮಾತ್ರ ಸಭೆ ಸಭೆಯಲ್ಲಿ ಭೂಮಂಡಲದ ಬಿಸಿಯ ಬಗ್ಗೆ ಭಾಷಣ ಬಿಗಿಯುತ್ತಿದ್ದ. ಹೇಳೋದು ಶಾಸ್ತ್ರ, ಹಾಕೋದು ಗಾಳ.

ಅದೇ ಭಾಷಣ ಕೇಳಿ ಮೆಚ್ಚಿದ ಕೆಲವರು ಒಂದು ದಿನ ಅವನ ಹೊಲ ನೋಡಲು ಬಂದರು. ಅವರಲ್ಲಿ ಹೊರದೇಶದವರೂ ಇದ್ದರು. ಅವನ ಹೊಲವೋ, ಗುದ್ದಲಿ ಹಾಕಿದರೆ ಠಣ್ಣೆನ್ನುತ್ತಿತ್ತು. ಹಾಗಾಗಿ ಜೀಪನ್ನು ಸೀದಾ ಸಿದ್ದಾಪುರಕ್ಕೆ ಬಿಡಿಸಿದ. ದಾರಿಯಲ್ಲಿ ಅಶೋಕನ ಶಾಸನದ ಬಂಡೆಯನ್ನು ತಾನೇ ಮುಂದೆ ನಿಂತು ಕೆತ್ತಿಸಿದವನಂತೆ ತೋರಿಸಿದನಂತೆ. ನಮ್ಮ ಹೊಲಕ್ಕೆ ಬಂದವನು, ಅಲ್ಲೇ ಬದುವಿನಾಚೆ ಕುರಿ ಮೇಯಿಸುತ್ತಿದ್ದ ಅಜ್ಜನನ್ನು ಕರೆದ.

“ಅಜ್ಜ, ಆ ಕಂಬ್ಳಿ ಒಂದ್ ಗಳಿಗೆ ಕೊಡು. ಫೋಟೋ ಹಿಡಿಸ್ಕೊಂಡು ಕೊಡ್ತೀನಿ.”

ಬಂದವರು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಮೂಸಿದರು. ಎರೆಹುಳ ಕಂಡು ಮಕ್ಕಳಂತೆ ಕೂಗಿದರು. “ನಮ್ದೇ ಜಮೀನು ಸಾರ್,” ಎಂದ ಮಾವ. ಅವರಲ್ಲೊಬ್ಬರು ಅವ್ವನ ಕಡೆ ಕೈ ತೋರಿಸಿ, ಇವರು ಯಾರೆಂದು ಕೇಳಿದರು. “ಹೊಲದಾಗೆ ಕೆಲ್ಸ ಮಾಡೋರು ಸಾರ್,” ಎಂದುಬಿಟ್ಟ. ಒಡಹುಟ್ಟಿದ ತಂಗಿಯನ್ನು! ನನ್ನ ಮೈ ಉರಿದುಹೋಯಿತು. ಅವ್ವ ಎಲ್ಲರಿಗೂ ಮಜ್ಜಿಗೆ ಬಗ್ಗಿಸಿ ಕೊಟ್ಟಳು, ಅಣ್ಣನಿಗೆ ಒಂದು ಲೋಟ ಹೆಚ್ಚಿಗೆ.

ಊರಲ್ಲಿ ಹೊಲಕ್ಕೆ ಕೂರುತ್ತಿದ್ದ ಮಂದೆಯೆಂದರೆ ಆಗ ಅಜ್ಜನದೊಂದೇ. ಅದರ ಮೇಲೂ ಮಾವನ ಕಣ್ಣು ಬಿದ್ದಿದೆಯೆಂಬ ಸುದ್ದಿ ಅವ್ವನಿಗೆ ತಲುಪಿತ್ತು. ಜೀಪು ಹತ್ತುವ ಮುಂಚೆ ಅವನನ್ನು ಪಕ್ಕಕ್ಕೆ ಕರೆದಳು.

“ಅಣ್ಣಾ, ಅಜ್ಜನ ಮಂದೆ ಒಂದು ನನ್ನ ಹೊಲಕ್ಕೆ ಬಿಟ್ಬಿಡು. ಬ್ಯಾರೆ ಏನೂ ಕೇಳಾಕಿಲ್ಲ.”

“ಅಯ್ಯೋ ಹುಚ್ಚಿ, ನೀನು ಕೇಳ್ಬೇಕಾ? ಶೇಂಗಾ ಕಿತ್ತ ಮ್ಯಾಲೆ ಮಂದೆ ನಿನ್ನ ಹೊಲದಾಗೇ ಕೂರ್ತೈತೆ. ನನ್ ಮಾತು ಅಂದ್ರೆ ಮಾತು.”

ಜೀಪು ಹೋಯಿತು. ಅಜ್ಜನ ಕಂಬಳಿಯೂ ಅದರಲ್ಲೇ ಹೋಯಿತು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ಶೇಂಗಾ ಕಿತ್ತಾಯಿತು. ಅವ್ವ ಹೊಲದ ಮುಳ್ಳುಕಂಟಿಯನ್ನೆಲ್ಲ ಆರಿಸಿ ತೆಗೆದಳು, ಕುರಿಗಳ ಕಾಲಿಗೆ ಚುಚ್ಚಬಾರದೆಂದು. ಸಂಜೆ ಸಂಜೆ ಮುದ್ದೆ ಮಾಡಿಕೊಂಡು ಹೋಗಿ ಬದುವಿನ ಮೇಲೆ ಕೂತು ಕಾದಳು. ಮಂದೆ ಬರಲಿಲ್ಲ. ಬಂದದ್ದು ಒಂದು ಗೂಡ್ಸ್ ಆಟೋ. ಅದರ ತುಂಬ ಯೂರಿಯಾ ಚೀಲ. “ಸಾಹುಕಾರ್ರು ತಂಗಿಗೆ ಕಳ್ಸವ್ರೆ,” ಎಂದ ಆಟೋದವನು. ಮಡಿಲು ತುಂಬುವುದು ಅಂದರೆ ಇದೇ ಇರಬೇಕು ಅಂದುಕೊಂಡೆ.

ಮುಂದೊಂದು ದಿನ ಜಡಿಮಳೆಯಲ್ಲಿ ಅಜ್ಜ ರಸ್ತೆಯಲ್ಲಿ ಸಿಕ್ಕ. ಯೂರಿಯಾ ಚೀಲವನ್ನೇ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡಿದ್ದ. ಅವ್ವನ ಮುಖ ನೋಡಲಾರದೆ ಕುರಿಗಳ ಕಡೆ ನೋಡುತ್ತ ಮಾತಾಡಿದ.

“ಏಂ ಚೇಸ್ತಾಂ ತಾಯಿ, ಏನ್ ಮಾಡಾನ... ಮುಂಗಡ ಇಸ್ಕಂಡ್ಬಿಟ್ಟೆ. ಒಂದು ಹಿಕ್ಕೆನೂ ಹೊರಗೆ ಬೀಳಬಾರ್ದು ಅಂತಾರೆ.”

“ಕಂಬ್ಳಿ ಎಲ್ಲಜ್ಜ?” ಎಂದಳು ಅವ್ವ.

“ಫೋಟೋಕ್ಕೆ ಹೋಗೈತೆ.”

ಆಮೇಲೆ ಹೊಲದ ಮಣ್ಣು ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತ ಹೋಯಿತು. ಶೇಂಗಾ ಗಿಡ ಕಿತ್ತರೆ ಬರೀ ಬಳ್ಳಿ ಕೈಗೆ ಬರುತ್ತಿತ್ತು, ಕಾಯಿ ನೆಲದಲ್ಲೇ ಉಳಿಯುತ್ತಿತ್ತು. ಕೊನೆಗೆ ಅವ್ವ ಬಿತ್ತುವುದನ್ನೇ ಬಿಟ್ಟು ನನ್ನ ಜೊತೆ ದುರ್ಗಕ್ಕೆ ಬಂದಳು. ಅಜ್ಜ ಹೋದ. ಮಾವನೂ ಹೋದ. ಅವನ ತಿಥಿಯ ದಿನ ಮೈಕು ಹಿಡಿದವರು ಪರಿಸರದ ದೀಪ ಆರಿತು ಎಂದರು. ನನಗೆ ನಗು ತಡೆಯಲಾಗಲಿಲ್ಲ. ಅವ್ವ ಮಾತ್ರ ಬಿಕ್ಕಿ ಬಿಕ್ಕಿ ಅತ್ತಳು. ಆ ಮನುಷ್ಯನಿಗಾಗಿ ಅಳುವುದಕ್ಕೆ ಅವಳಲ್ಲಿ ಅಷ್ಟು ಕಣ್ಣೀರು ಎಲ್ಲಿತ್ತೋ...

ಈಗ ಮಾವನ ಮಗ ಅದೇ ಹಿಕ್ಕೆಯನ್ನು ಪೊಟ್ಟಣ ಕಟ್ಟಿ ಮಾರುತ್ತಾನೆ. ಪೊಟ್ಟಣವನ್ನು ಅವ್ವನ ಕಣ್ಣಿಗೆ ಬೀಳದಂತೆ ಎತ್ತಿಡಬೇಕೆಂದಿದ್ದೆ. ಅಷ್ಟರಲ್ಲಿ ಅವಳೇ ಕೈಗೆ ತೆಗೆದುಕೊಂಡಳು. ಬಹಳ ಹೊತ್ತು ನೋಡಿದಳು. ಚಿತ್ರದಲ್ಲಿ ಕಂಬಳಿಯ ಅಂಚಿಗೆ ಬೆರಳಿಟ್ಟಳು. ಅಲ್ಲಿ ಸಣ್ಣದೊಂದು ಕೆಂಪು ಗೆರೆ ಕಾಣುತ್ತಿತ್ತು.

“ನನ್ನ ಹೊಲಿಗೆ ಕಣೇ ಇದು. ಇನ್ನೂ ಬಿಟ್ಟಿಲ್ಲ ನೋಡು.”

ಆಮೇಲೆ, ಕುಂಡಕ್ಕೆ ಬೇಡ, ಹೊಲಕ್ಕೆ ಹೋಗಿ ಬರೋಣ ಎಂದು ಹಟ ಹಿಡಿದಳು. ಹೋದ ಭಾನುವಾರ ಕರೆದುಕೊಂಡು ಹೋದೆ. ಹೊಲದ ತುಂಬ ಬಳ್ಳಾರಿ ಜಾಲಿ ಎದ್ದಿತ್ತು. ಮೊದಲು ಮಂದೆ ಬಂದು ಕೂರುತ್ತಿದ್ದ ಮೂಲೆಯನ್ನು ಹುಡುಕಿ, ಅವ್ವ ಬಗ್ಗಿ, ಪೊಟ್ಟಣವನ್ನು ಅಲ್ಲಿ ಬರಿದು ಮಾಡಿದಳು. ಒಂದು ಹಿಡಿ ಜಾಗ ಮಾತ್ರ ಕಪ್ಪಾಯಿತು.

“ನೀನು ಅವನನ್ನ ಬೈಯ್ತಾನೇ ಇರ್ತೀಯ,” ಎಂದಳು. “ತಡ ಆದ್ರೂ ಅಣ್ಣ ಕಳ್ಸವ್ನೆ ನೋಡು.”

ಅಣಕಿಸುತ್ತಿದ್ದಾಳೆಂದು ನಗುತ್ತಾ ಅವಳ ಕಡೆ ತಿರುಗಿದೆ. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.