ಮನೆ ಓನರ್ ಹೆಸರಿನ ನಾಯಿ

ಆರು ವರ್ಷ ಸಾಕಿದ ನಾಯಿಗೆ ಇದ್ದಕ್ಕಿದ್ದಂತೆ ಹೊಸ ಹೆಸರಿಟ್ಟವರನ್ನು ನೀವು ಕಂಡಿದ್ದೀರಾ? ನಾವಿಟ್ಟೆವು. ಅದೂ ಅರ್ಧ ನಿಮಿಷದಲ್ಲಿ, ಲಗೇಜ್ ಗಾಡಿಯಿಂದ ಸಾಮಾನು ಇಳಿಸುತ್ತಾ, ಬೀದಿಯಲ್ಲಿ ನಿಂತು.

ಆಗಿದ್ದಿಷ್ಟು. ಏಪ್ರಿಲ್‌ನಲ್ಲಿ ನಮ್ಮನೆಯವರಿಗೆ ಎಚ್.ಡಿ. ಕೋಟೆಯಿಂದ ಹುಣಸೂರಿಗೆ ವರ್ಗವಾಯಿತು. (ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಹಳೆಯ ಓದುಗರಿಗೆ ಗೊತ್ತೇ ಇದೆ.) ಮೈಸೂರಿನವರು ಹುಣಸೂರನ್ನು ಸಿಟಿ ಅಂದರೆ ನಗಬಹುದು. ಕೋಟೆ ಕಡೆಯ ಹಳ್ಳಿಯಿಂದ ಹೊರಟ ನಮಗೆ ಅದು ಸಿಟಿಯೇ. ಗಾಡಿಯ ಹಿಂದೆ ಮಂಚದ ಕಾಲು, ಬೀರು, ನನ್ನ ತುಳಸಿ ಕುಂಡ. ಅವುಗಳ ನಡುವೆ ಮಹಾರಾಜನ ಹಾಗೆ ಕೂತಿದ್ದವನು ನಮ್ಮ ಕೆಂಚ.

ಕೆಂಚ ನಾಟಿ ನಾಯಿ. ಮೈ ಬಣ್ಣ ಕೆಂಚು, ಆದ್ದರಿಂದ ಹೆಸರು ಕೆಂಚ. ನಮ್ಮ ಕಡೆ ನಾಯಿಗೆ ಹೆಸರಿಡಲು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕಪ್ಪಗಿದ್ದರೆ ಕರಿಯ, ಕೆಂಚಗಿದ್ದರೆ ಕೆಂಚ. ಮುಗಿಯಿತು.

ಗಾಡಿ ನಿಂತದ್ದೇ ತಡ, ಅವನು ಹಾರಿ ಗೇಟಿನೊಳಗೆ ನುಗ್ಗಿದ. ಓನರ್ ಮನೆಯ ದಾಸವಾಳದ ಗಿಡಕ್ಕೆ ನೇರವಾಗಿ ಕಾಲೆತ್ತಿದ. ಗದರಿಸಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಬಿಳಿ ಪಂಚೆ ಉಟ್ಟ ಹಿರಿಯರೊಬ್ಬರು ಜಗುಲಿ ಇಳಿದು ಬಂದು ಕೈಮುಗಿದರು.

"ಬನ್ನಿ ಬನ್ನಿ. ನಾನೇ ಕಣಮ್ಮ, ಕೆಂಚೇಗೌಡ."

ನನ್ನ ಬಾಯಲ್ಲಿ 'ಕೆಂ' ಬಂದಾಗಿತ್ತು. ಮಿಕ್ಕಿದ್ದನ್ನು ನುಂಗಿಕೊಂಡೆ.

ಮನೆ ನೋಡಿಕೊಟ್ಟವರು ನಮ್ಮನೆಯವರ ಡಿಪೋದ ಸ್ನೇಹಿತರು. ಅವರು ಮೊದಲಿನಿಂದಲೂ 'ಗೌಡ್ರ ಮನೆ, ಗೌಡ್ರ ಮನೆ' ಅಂದಿದ್ದರೇ ಹೊರತು ಯಾವ ಗೌಡರು ಅಂತ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ. ನನ್ನ ಮರ್ಯಾದೆ ಉಳಿಸಿದವಳು ಮಗಳು ಭೂಮಿಕಾ. ಹತ್ತನೇ ಕ್ಲಾಸಿಗೆ ಹೋಗಲಿರುವವಳು, ಚುರುಕು. "ಬ್ರೂನೋ, ಕಮ್ ಹಿಯರ್" ಅಂತ ಕೂಗಿಬಿಟ್ಟಳು. ಬ್ರೂನೋ ಯಾರಪ್ಪಾ ಅಂತ ಕೆಂಚನೂ ಹಿಂದೆ ತಿರುಗಿ ನೋಡಿದ.

ನಿಜ ಹೇಳಿಬಿಡಬಹುದಿತ್ತಲ್ಲ ಅನ್ನುತ್ತೀರಾ? ನೀವು ನಮ್ಮ ಜಾಗದಲ್ಲಿ ಇರಬೇಕಿತ್ತು. ಅದಕ್ಕೂ ಮೊದಲು ನಾಯಿ ಇದೆ ಎಂದ ಕೂಡಲೇ ಆರು ಮನೆಯವರು ಬಾಗಿಲು ಹಾಕಿದ್ದರು. ಇವರೊಬ್ಬರೇ, ಮುಖ ಕೂಡ ನೋಡದೆ ಫೋನಿನಲ್ಲೇ, "ನಾಯಿ ತಾನೆ, ಇರ್ಲಿ ಬುಡಿ. ಅದ್ಕೂ ಒಂದ್ ಮನೆ ಬೇಡ್ವಾ" ಅಂದಿದ್ದರಂತೆ. ಅಂಥ ಮನುಷ್ಯನ ಮುಂದೆ ನಿಂತು, ಸ್ವಾಮಿ, ನಮ್ಮ ನಾಯಿಗೂ ನಿಮ್ಮದೇ ಹೆಸರು ಅನ್ನುವುದು ಹೇಗೆ? ಅಂದರೂ, ಆಮೇಲೆ ದಿನಾ ಬೆಳಗ್ಗೆ 'ಲೋ ಕೆಂಚಾ, ಕತ್ತೆ, ಚಪ್ಪಲಿ ಬಿಡೋ' ಅಂತ ಕೂಗುವುದು ಹೇಗೆ?

ಹೀಗೆ ಕೆಂಚ ಬ್ರೂನೋ ಆದ. ಓನರ್ ಎದುರಿಗೆ ಬ್ರೂನೋ, ಬಾಗಿಲು ಹಾಕಿಕೊಂಡ ಮೇಲೆ ಪಿಸುದನಿಯಲ್ಲಿ ಕೆಂಚ. ಬ್ರೂನೋ ಅಂದರೆ ಅವನು ಕಿವಿಯನ್ನೂ ಅಲ್ಲಾಡಿಸುತ್ತಿರಲಿಲ್ಲ. ಕೈಯಲ್ಲಿ ಬಿಸ್ಕೆಟ್ ಹಿಡಿದರೆ ಬರುತ್ತಿದ್ದ, ಅಷ್ಟೆ. ಗೌಡರ ಹೆಂಡತಿ ದೇವೀರಮ್ಮನವರು ಒಂದು ದಿನ ಮರುಕದಿಂದಲೇ ಕೇಳಿದರು, ನಾಯಿಗೆ ಕಿವಿ ಮಂದವೇ ಎಂದು. ಹೂಂ ಅಂದುಬಿಟ್ಟೆ. (ಒಂದು ಸುಳ್ಳಿಗೆ ಇನ್ನೊಂದು. ಅಂದು ಸಂಜೆ ದೀಪ ಹಚ್ಚುವಾಗ ದೇವರ ಮುಖ ನೋಡಲು ಮುಜುಗರವಾಯಿತು.)

ದೇವೀರಮ್ಮನವರ ವಿಷಯ ಸ್ವಲ್ಪ ಹೇಳಬೇಕು. ಅವರು ಗಂಡನ ಹೆಸರು ಹೇಳುವುದಿಲ್ಲ. ಮದುವೆಯಾಗಿ ನಲವತ್ತೊಂದು ವರ್ಷವಾಯಿತಂತೆ, ಒಂದು ಸಲವೂ ಹೇಳಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ಕಾರ್ಡ್ ಮುಂದಕ್ಕೆ ನೂಕುತ್ತಾರೆ. ಗಂಡನ ಹೆಸರು ಮಾತ್ರವಲ್ಲ, ಆ ಬಣ್ಣದ ಹೆಸರೂ ಬಾಯಿಗೆ ಬರುವಂತಿಲ್ಲ. ಕೆಂಚು ಅನ್ನಬೇಕಾದ ಕಡೆಯಲ್ಲೆಲ್ಲ 'ನಮ್ಮೋರ ಬಣ್ಣ' ಅನ್ನುತ್ತಾರೆ. ಮನೆದೇವರು ಕೆಂಚರಾಯ ಕೂಡ ಬರೀ 'ಸ್ವಾಮಿ'. ದೇವರಿಗೂ ರಿಯಾಯಿತಿ ಇಲ್ಲ.

ಮೇ ತಿಂಗಳ ಒಂದು ಭಾನುವಾರ ನಮ್ಮ ಹಳೆಯ ಓಮ್ನಿಯಲ್ಲಿ ಎಲ್ಲರೂ ಹನಗೋಡಿಗೆ ಹೋಗಿದ್ದೆವು. ಗೌಡ ದಂಪತಿ, ನಾವು ಮೂವರು, ಕಾಲ ಬಳಿ ಕೆಂಚ. ಬೇಸಿಗೆಯಲ್ಲವೇ, ಲಕ್ಷ್ಮಣತೀರ್ಥ ಸೊರಗಿತ್ತು. ಆದರೂ ಕಾಲು ಅದ್ದುವಷ್ಟು ನೀರಿತ್ತು, ಕೂರಲು ನೆರಳಿತ್ತು, ಡಬ್ಬಿಯಲ್ಲಿ ಚಿತ್ರಾನ್ನ ಇತ್ತು. ಇನ್ನೇನು ಬೇಕು? ಅಲ್ಲಿ ಗೌಡರು ನಮಗೊಂದು ಕಥೆ ಹೇಳಿದರು. ಹಿಂದೊಮ್ಮೆ ದೇವೀರಮ್ಮ ಸೀರೆ ಅಂಗಡಿಯಲ್ಲಿ 'ನಮ್ಮೋರ ಬಣ್ಣದ್ದು ಕೊಡಿ' ಅಂದರಂತೆ. ಅಂಗಡಿಯವನು ಪಕ್ಕದಲ್ಲಿ ನಿಂತಿದ್ದ ಗೌಡರನ್ನು ಒಮ್ಮೆ ಅಡಿಯಿಂದ ಮುಡಿವರೆಗೆ ನೋಡಿ ಅಚ್ಚ ಕಪ್ಪು ಸೀರೆ ತೆಗೆದು ಹಾಸಿದನಂತೆ. ಗೌಡರು ಹೆಸರಿಗೆ ಮಾತ್ರ ಕೆಂಚರು, ಬಣ್ಣ ಎಣ್ಣೆಗಪ್ಪು. ದೇವೀರಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನಾನೂ ನಕ್ಕೆ. ನನ್ನ ಕಾಲ ಬಳಿ ಮಲಗಿದ್ದ ಹೆಸರಿನ ನೆನಪಾಗಿ ಅರ್ಧಕ್ಕೇ ನಿಲ್ಲಿಸಿದೆ.

ಆ ರಜೆಯಲ್ಲಿ ನಾವು ತಿರುಗಿದ್ದೂ ತಿರುಗಿದ್ದೇ. ಸಾಲಿಗ್ರಾಮದಲ್ಲಿ ನನ್ನ ತವರು, ಅಲ್ಲಿಗೂ ಕೆಂಚನನ್ನು ಕರೆದುಕೊಂಡು ಹೋದೆವು. ಕೆ.ಆರ್. ನಗರ ದಾಟುವಷ್ಟರಲ್ಲಿ ಎರಡು ಸಲ ವಾಂತಿ ಮಾಡಿಕೊಂಡ. ಅದಾಗಿ ಎರಡು ವಾರಕ್ಕೆ, ಪಿರಿಯಾಪಟ್ಟಣದ ಆಚೆ ಹಾರನಹಳ್ಳಿಯಲ್ಲಿ ನಾದಿನಿಯ ಮನೆ ಗೃಹಪ್ರವೇಶ ಬಂತು. ಹೋಮ ನಡೆಯುವ ಮನೆಗೆ ನಾಯಿ ಬೇಡ ಅನ್ನಿಸಿತು. ಬೆಳಗ್ಗೆ ಹೋಗಿ ಸಂಜೆ ಬರುವುದು ತಾನೇ? ದೇವೀರಮ್ಮನವರು ತಾವೇ ಮುಂದೆ ಬಂದು, ನಾನು ನೋಡಿಕೊಳ್ಳುತ್ತೇನೆ ಎಂದರು. ಮಧ್ಯಾಹ್ನಕ್ಕೆ ಮುದ್ದೆ ಕಟ್ಟಿ ಹಾಕುವುದಾಗಿಯೂ ಹೇಳಿದರು. ನಾನು ಬಿಸ್ಕೆಟ್ ಪೊಟ್ಟಣ ಕೊಟ್ಟೆ. ಹೆಸರು ಕೊಡಲಿಲ್ಲ.

ಎಲೆಗೆ ಪಾಯಸ ಬಡಿಸುತ್ತಿದ್ದರು, ಫೋನ್ ಬಂತು.

"ಅವ್ವಾ, ನಿಮ್ ಬ್ರೂನ ಗೇಟ್ ದಾಟ್ಬುಟ್ಟ ಕಣವ್ವ. ಕೋಟೆ ರೋಡಲ್ಲವ್ನೆ. ನಾನು ಈಚೆ, ಅವ್ನು ಆಚೆ. ಕೂಗಿ ಕೂಗಿ ಗಂಟ್ಲು ಕಿತ್ತೋಯ್ತು, ತಿರುಗೂ ನೋಡ್ತಿಲ್ಲ."

ಮುದ್ದೆ ಹಾಕಲೆಂದು ಸರಪಳಿ ಬಿಚ್ಚಿದ್ದಾರೆ. ಅದೇ ಹೊತ್ತಿಗೆ ಸಿಲಿಂಡರ್ ತಂದವರು ಗೇಟು ತೆರೆದಿದ್ದಾರೆ. ಇವನು ಒಂದೇ ಓಟ. ಗೌಡರು ಮೊಪೆಡ್ ಹತ್ತಿ ಬಸ್‌ಸ್ಟ್ಯಾಂಡ್ ಕಡೆ ಹುಡುಕಲು ಹೋದರಂತೆ. ದೇವೀರಮ್ಮ ಮಾತ್ರ, ನೋಯುವ ಮಂಡಿ ಎಳೆದುಕೊಂಡು ಕೋಟೆ ರಸ್ತೆಗೆ ಬಂದಿದ್ದರು. ನಾಯಿಗೆ ತನ್ನೂರಿನ ದಾರಿ ಗೊತ್ತಿರುತ್ತದೆ ಅಂತ ಅವರಿಗೆ ಅನ್ನಿಸಿತಂತೆ. ಅನ್ನಿಸಿದ್ದು ಸರಿಯೇ ಆಗಿತ್ತು. ಕೆಂಚ ಹಳೆಯ ಮನೆಗೆ ಹೊರಟಿದ್ದ.

ಆದರೆ ಈಗ ಆಚೆ ಬದಿಯಲ್ಲಿ ಆ ಬೀದಿಯ ನಾಲ್ಕು ನಾಯಿಗಳು ಅವನನ್ನು ಸುತ್ತುಗಟ್ಟಿದ್ದವು. ಮುಂದೆ ರಸ್ತೆ, ಅದರ ತುಂಬ ಲಾರಿ. ಎತ್ತ ಹಾರಿದರೂ ಅಪಾಯ. ಮಂಡಿನೋವಿನ ದೇವೀರಮ್ಮನಿಗೆ ರಸ್ತೆ ದಾಟಲಾಗದು. ನಾವು ಇರುವುದು ಹಾರನಹಳ್ಳಿಯಲ್ಲಿ, ಎಷ್ಟು ಜೋರಾಗಿ ಬಂದರೂ ಗಂಟೆ ಹಿಡಿಯುತ್ತದೆ. ನಾನೇ ಫೋನಿನಲ್ಲಿ ಕೂಗೋಣವೆಂದರೆ, ಆ ಗದ್ದಲದಲ್ಲಿ ಅವರ ಪುಟ್ಟ ಬಟನ್ ಫೋನಿನಿಂದ ನನ್ನ ದನಿ ಎಲ್ಲಿಗೆ ತಲುಪೀತು?

ಆಗ ಅರ್ಥವಾಯಿತು. ಇಡೀ ಹುಣಸೂರಿನಲ್ಲಿ ನನ್ನ ನಾಯಿಯನ್ನು ಕರೆಯಬಲ್ಲವರು ಒಬ್ಬರೂ ಇಲ್ಲ. ಇಲ್ಲದಂತೆ ಮಾಡಿದವಳು ನಾನೇ.

"ಅಮ್ಮಾ, ಅವನ ಹೆಸರು ಬ್ರೂನೋ ಅಲ್ಲ."

"ಮತ್ತೇನವ್ವ? ಬಿರ್ನೆ ಯೋಳು."

"ತಪ್ಪು ತಿಳ್ಕೋಬೇಡಿ ಅಮ್ಮಾ. ಗೌಡ್ರ ಹೆಸರೇ. ಕೆಂಚ."

ಆ ಕಡೆ ಒಂದು ಲಾರಿಯ ಹಾರ್ನ್ ಕೇಳಿತು. ನಾಯಿಗಳು ಗುರುಗುಟ್ಟುವುದು ಕೇಳಿತು. ನನ್ನ ಕೈಯಲ್ಲಿ ಪಾಯಸ ಒಣಗುತ್ತಿತ್ತು. ಆಂಜನೇಯಾ, ನನ್ನ ಸುಳ್ಳಿಗೆ ಆ ಮೂಕಪ್ರಾಣಿಗೆ ಶಿಕ್ಷೆ ಕೊಡಬೇಡಪ್ಪಾ ಅಂದುಕೊಂಡೆ. ನಲವತ್ತೊಂದು ವರ್ಷ ರೇಷನ್ ಅಂಗಡಿಯಲ್ಲೂ ಹೇಳದವರು, ದೇವರ ಮುಂದೆಯೂ ಹೇಳದವರು, ನಡುರಸ್ತೆಯಲ್ಲಿ ಹೇಳುತ್ತಾರೆಯೇ? ಹೇಳಿ ಎಂದು ಕೇಳಲು ನಾನ್ಯಾರು?

"ಕೆಂಚ."

ಮೆಲ್ಲಗೆ, ತಮಗೆ ತಾವೇ ಹೇಳಿಕೊಂಡ ಹಾಗೆ. ಆಮೇಲೆ ಸ್ವಲ್ಪ ಜೋರಾಗಿ.

"ಕೆಂಚಾ, ಬಾರಪ್ಪಾ."

ಮೂರನೆಯದಂತೂ ಫೋನ್ ಕಿವಿಯಿಂದ ದೂರ ಹಿಡಿಯುವ ಹಾಗಿತ್ತು.

"ಲೋ ಕೆಂಚಾ, ಬಾರ್ಲಾ ಮನೆಗೆ!"

ಕಿವಿ ನೆಟ್ಟಗಾದವಂತೆ. ಬಾಲ ಎದ್ದಿತಂತೆ. ಅಲ್ಲೇ ಪಂಕ್ಚರ್ ಅಂಗಡಿಯವರೊಬ್ಬರು ಇದನ್ನೆಲ್ಲ ನೋಡುತ್ತಿದ್ದವರು, ಕೈಲಿದ್ದ ಟ್ಯೂಬ್ ಬೀಸಿ ಆ ನಾಲ್ಕು ನಾಯಿಗಳನ್ನು ಚದುರಿಸಿ, ರಸ್ತೆಗಿಳಿದು ಬರುತ್ತಿದ್ದ ಲಾರಿಗೆ ಕೈ ಅಡ್ಡ ಹಿಡಿದರಂತೆ. ಕೆಂಚ ಬಾಣದ ಹಾಗೆ ಬಂದು ದೇವೀರಮ್ಮನ ಸೀರೆಯ ನೆರಿಗೆಗೆ ಮುಖ ಒತ್ತಿದನಂತೆ. ಈ ಅಂತೆಗಳೆಲ್ಲ ಆಮೇಲೆ ತಿಳಿದದ್ದು. ಆಗ ನನಗೆ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಬಂದ ಕಣವ್ವ."

ನಾನು ಎಲೆಯ ಮುಂದೆ ಕೂತೇ ಅತ್ತೆ. ನಾದಿನಿ ಪಾಯಸಕ್ಕೆ ಬೆಲ್ಲ ಕಮ್ಮಿಯಾಯಿತೇ ಎಂದು ಕೇಳಿದಳು.

ಸಂಜೆ ನಾವು ಬಂದಾಗ ಕೆಂಚ ಓನರ್ ಜಗುಲಿಯ ಮೇಲೆ ಮಲಗಿದ್ದ. ಸೆರಗನ್ನೇ ಕೊರಳಿಗೆ ಸುತ್ತಿ ಕರೆತಂದಿದ್ದರಂತೆ ಪುಣ್ಯಾತ್ಗಿತ್ತಿ. ಬಂದವರೇ ನೇರವಾಗಿ ದೇವರ ಗೂಡಿನ ಮುಂದೆ ನಿಂತು, ಗಲ್ಲ ಬಡಿದುಕೊಂಡು, ದೀಪ ಹಚ್ಚಿದ್ದಾರೆ. ದಾರಿಯುದ್ದಕ್ಕೂ ನಾನು ಒಂದೇ ಯೋಚನೆ ಮಾಡಿಕೊಂಡು ಬಂದಿದ್ದೆ: ನಾಯಿ ಉಳಿಯಿತು, ಇನ್ನು ಮನೆ ಉಳಿಯುವುದಿಲ್ಲ. ಗೌಡರ ಮುಂದೆ ಹೋಗಿ ನಡೆದದ್ದೆಲ್ಲ ಹೇಳಿ, ಕ್ಷಮಿಸಿ ಅಂದೆ. ನಮ್ಮನೆಯವರು ಹಿಂದೆ ನಿಂತು ತಲೆ ತಗ್ಗಿಸಿದ್ದರು.

ಗೌಡರು ನಾಯಿಯನ್ನೇ ನೋಡುತ್ತಿದ್ದರು. ಆಮೇಲೆ ಹೇಳಿದರು.

"ನಾಯ್ಗೆ ನನ್ನೆಸ್ರು ಇಟ್ಟಿದ್ದು ಬೇಜಾರಿಲ್ಲ ಬುಡಮ್ಮ. ನಮ್ಮಟ್ಟೀಲೂ ಒಂದಿತ್ತು, ಅದೂ ಕೆಂಚನೇ. ನಂಗೆ ಬೇಜಾರು ಬೇರೆ. ಈವಮ್ಮ ಒಂದ್ಸಲ ನನ್ನೆಸ್ರು ಕೂಗ್ಲಿ ಅಂತ ನಲವತ್ತೊಂದು ವರ್ಷದಿಂದ ಕಾಯ್ತಿವ್ನಿ. ಕೂಗಿದ್ದೂ ಕೂಗುದ್ಲು, ನಾನೇ ಅಲ್ಲಿರ್ಲಿಲ್ಲ."

ಒಳಗಿನಿಂದ ದೇವೀರಮ್ಮನ ದನಿ ಬಂತು.

"ಇದ್ದಿದ್ರೆ ನೀವೇನು ಬತ್ತಿದ್ರಾ? ಅದು ಮೂರು ಸಲಕ್ಕೆ ಬಂತು."

ಗೌಡರು ನಕ್ಕರು ನೋಡಿ, ಜಗುಲಿ ಅದುರುವ ಹಾಗೆ. ನನ್ನ ಎದೆಯ ಭಾರ ಅಲ್ಲೇ ಇಳಿಯಿತು.

ಹೊಸ ಊರಿನಲ್ಲಿ ನನಗೆ ಸಿಕ್ಕ ಸಣ್ಣಪುಟ್ಟ ಸೌಭಾಗ್ಯಗಳು ಕಡಿಮೆಯಿಲ್ಲ. ಪೂರ್ವದ ಕಿಟಕಿಯಿಂದ ದೇವರ ಗೂಡಿನ ಮೇಲೆ ಬೀಳುವ ಬಿಸಿಲು, ಗಾಡಿಯ ಕುಲುಕಾಟದಲ್ಲೂ ಬಾಡದ ತುಳಸಿ. ಆದರೆ ದೊಡ್ಡದು ಇದು. ಪರಸ್ಥಳದಲ್ಲಿ ಒಬ್ಬ ಹೆಂಗಸು ನಲವತ್ತೊಂದು ವರ್ಷದ ತನ್ನ ವ್ರತವನ್ನು ನನ್ನ ಮನೆಯ ಒಂದು ನಾಯಿಗಾಗಿ ರಸ್ತೆಯಲ್ಲಿ ಬಿಟ್ಟುಕೊಟ್ಟರು. ಏಕೆ ಬಿಟ್ಟಿರಿ ಎಂದು ಮರುದಿನ ಕೇಳಿದೆ. ಅವರು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. ಜೀವ ಹೋಗುವಾಗ ಯಾರ ಹೆಸರು ಅಂತ ನೋಡುತ್ತಾ ಕೂರುವುದಕ್ಕಾಗುತ್ತದೆಯೇ, ಸ್ವಾಮಿಯ ಹೆಸರೂ ಅದೇ ತಾನೆ, ಅವನನ್ನೇ ಕೂಗಿದೆ ಅಂದುಕೊಂಡರಾಯಿತು ಎಂದರು. ನನಗೆ ಹೊಳೆಯದ ಭಕ್ತಿ ಅದು. ಮರ್ಯಾದೆ ಅಂತ ನಾನು ಹೆಸರನ್ನು ಮುಚ್ಚಿಟ್ಟೆ, ನಾಯಿ ಕಳೆದುಹೋಗುವುದರಲ್ಲಿತ್ತು. ಅವರು ಮರ್ಯಾದೆ ಬಿಟ್ಟು ಹೆಸರು ಕೂಗಿದರು, ಅದು ಮನೆಗೆ ಬಂತು.

ಈಗ ಬ್ರೂನೋ ಇಲ್ಲ. ಬೀದಿಗೆಲ್ಲ ಅವನು ಕೆಂಚನೇ. ಸೊಪ್ಪಿನವರು ನನ್ನನ್ನು 'ಕೆಂಚನ ಅಮ್ಮಾ' ಅನ್ನುತ್ತಾರೆ. (ಗೌಡರು ಅದನ್ನು ಕೇಳಿಸಿಕೊಂಡ ದಿನವೆಲ್ಲ ನನ್ನನ್ನು 'ಏನವ್ವಾ' ಅಂತ ಮಗನ ಹಾಗೆ ಮಾತಾಡಿಸಿ ರೇಗಿಸುತ್ತಾರೆ.) ಆ ಪಂಕ್ಚರ್ ಅಂಗಡಿಗೆ ಹೋಗಿ ಒಂದು ಡಬ್ಬಿ ಸಿಹಿ ಕೊಟ್ಟು ಬಂದೆವು. ಈ ಸಲ ಮರೆಯದೆ ಅವರ ಹೆಸರು ಕೇಳಿಕೊಂಡೆ. ದೇವೀರಮ್ಮ ಮಾತ್ರ ಗಂಡನನ್ನು ಈಗಲೂ 'ನೋಡಿ ಇಲ್ಲಿ' ಅಂತಲೇ ಕರೆಯುವುದು. ನಾಯಿಯನ್ನು ಮಾತ್ರ ದಿನಕ್ಕೆ ಹತ್ತು ಸಲ, ಬೇಕಿದ್ದರೂ ಬೇಡದಿದ್ದರೂ, ಬಾಯಿ ತುಂಬ ಕೂಗುತ್ತಾರೆ. ಗೌಡರು ಜಗುಲಿಯಲ್ಲಿ ಕೂತು, ಪೇಪರ್ ಮರೆಯಲ್ಲಿ, ಅದನ್ನು ಕೇಳುತ್ತಿರುತ್ತಾರೆ.

ಈ ಕಾಲದಲ್ಲೂ ಗಂಡನ ಹೆಸರು ಹೇಳದವರು ಇದ್ದಾರೆಯೇ ಎಂದು ನಗುತ್ತಿದ್ದೀರಾ? ನಾನೂ ನಕ್ಕಿದ್ದೆ. ಆದರೆ ಇಷ್ಟು ವರ್ಷಗಳಿಂದ ವಾರ ವಾರ ನನ್ನನ್ನು ಓದುತ್ತಿದ್ದೀರಲ್ಲ, ನಮ್ಮನೆಯವರ ಹೆಸರೇನು, ಹೇಳಿ ನೋಡೋಣ?