ಪೆಟ್ಟು ತಿನ್ನುವ ದನಿ

ಎರಡು ದಿನದಲ್ಲಿ ಅವಳು ಮುನ್ನೂರ ನಲವತ್ತು ಪೆಟ್ಟು ತಿನ್ನಬೇಕಿತ್ತು. ಹೊಟ್ಟೆಗೆ ಸಣ್ಣ ಗುದ್ದು, ದೊಡ್ಡ ಗುದ್ದು, ಬೆನ್ನಿಗೆ ಒದೆ, ಗೋಡೆಗೆ ಅಪ್ಪಳಿಸಿಕೊಳ್ಳುವುದು, ಬೆಂಕಿ ತಾಗುವುದು, ಎತ್ತರದಿಂದ ಬೀಳುವುದು, ಕೊನೆಗೆ ಸೋತು ಮಣ್ಣು ಮುಕ್ಕುವುದು. ಎಲ್ಲವನ್ನೂ ಹಾಳೆಯಲ್ಲಿ ಸಾಲಾಗಿ ಬರೆದು ಮೈಕಿನ ಪಕ್ಕದ ಸ್ಟ್ಯಾಂಡಿಗೆ ಸಿಕ್ಕಿಸಿದ್ದರು.

ಬೀದಿಯವರು ಅವಳನ್ನು ಕಿಡಿಯಕ್ಕ ಎಂದೇ ಕರೆಯುತ್ತಿದ್ದರು. ಟಿವಿಯಲ್ಲಿ ಹನ್ನೊಂದು ವರ್ಷದಿಂದ ಬರುತ್ತಿದ್ದ ಅನಿಮೆ ಸರಣಿಯೊಂದರಲ್ಲಿ ಕಿಡಿ ಎಂಬ ಹುಡುಗನಿದ್ದ. ಅಂಗೈಯಲ್ಲಿ ಬೆಂಕಿ ಹುಟ್ಟಿಸಿ ದೈತ್ಯರೊಡನೆ ಕಾದುವವನು. ಬೇರೆ ದೇಶದಲ್ಲಿ ಹುಟ್ಟಿದ ಆ ಚಿತ್ರದ ಹುಡುಗ ಇಲ್ಲಿಯ ಮಾತನ್ನು ಆಡುತ್ತಿದ್ದದ್ದು ಅವಳ ಗಂಟಲಿನಿಂದ. ನಿಜವಾದ ಹುಡುಗರ ದನಿ ಎರಡು ಮೂರು ವರ್ಷಕ್ಕೆ ಒಡೆದುಹೋಗುತ್ತದೆ. ಅದಕ್ಕೇ ಇಂಥ ಪಾತ್ರಗಳಿಗೆ ಹೆಂಗಸರನ್ನು ಹಾಕುವುದು ಆ ಕಸುಬಿನ ರೂಢಿ. ಮೊದಲು ಅವಳು ಬಸ್ ನಿಲ್ದಾಣದಲ್ಲಿ ಹೊರಡುವ ಬಸ್ಸುಗಳ ಹೆಸರು ಹೇಳುತ್ತಿದ್ದಳು. ಅಳುತ್ತಿದ್ದ ಮಗುವೊಂದನ್ನು ನಗಿಸಲು ಒಮ್ಮೆ ಮೈಕಿನಲ್ಲಿ ತುಂಟ ಹುಡುಗನ ಹಾಗೆ ಮಾತಾಡಿದಳು. ಬಸ್ಸಿಗೆ ಕಾಯುತ್ತಿದ್ದ ಡಬ್ಬಿಂಗ್ ನಿರ್ದೇಶಕಿ ಅದನ್ನು ಕೇಳಿ ಕೌಂಟರಿಗೇ ಹುಡುಕಿಕೊಂಡು ಬಂದಿದ್ದರು. ಅಂದಿನಿಂದ ಕೆಲಸಕ್ಕೆ ನಿಲ್ಲುವ ಮೊದಲು ಒಂದು ಗಳಿಗೆ ಕಣ್ಣು ಮುಚ್ಚಿ, ದನಿ ಕೊಟ್ಟ ದೇವರಿಗೆ ಒಂದು ಕೃತಜ್ಞತೆ ಹೇಳಿಯೇ ಅವಳು ಪಾತ್ರದ ಮಾತು ಶುರು ಮಾಡುತ್ತಿದ್ದದ್ದು.

ಈಗ ಆ ಸರಣಿಯನ್ನು ಹೊಡೆದಾಟದ ವಿಡಿಯೋ ಗೇಮ್ ಮಾಡಿದ್ದರು. ಸರಣಿಯಲ್ಲಾದರೆ ಎದುರಿಗೆ ಚಿತ್ರ ಓಡುತ್ತದೆ, ತುಟಿ ನೋಡಿ ಮಾತು ಕೂರಿಸಬಹುದು. ಗೇಮಿನಲ್ಲಿ ಚಿತ್ರವೂ ಇಲ್ಲ, ಕಥೆಯೂ ಇಲ್ಲ. ಆಡುವವರು ಯಾವಾಗ ಎಲ್ಲಿಗೆ ಹೊಡೆಯುತ್ತಾರೋ ಯಾರು ಬಲ್ಲರು? ಅದಕ್ಕೇ ಒಂದೊಂದು ಪೆಟ್ಟಿಗೂ ಬೇರೆ ಬೇರೆ ನರಳಾಟ ಕೂಡಿಡಬೇಕು.

ಸೌಂಡ್ ಯಂತ್ರದ ಹಿಂದೆ ಕೂತ, ಎಲ್ಲರೂ ಮಾವ ಎನ್ನುವ ಹಿರಿಯ, ಗಾಜಿನ ಆಚೆಯಿಂದ ಕೂಗುತ್ತಿದ್ದ: "ಅಮ್ಮಾ ತಾಯಿ, ಗುದ್ದಿದ್ದು ಹೊಟ್ಟೆಗೆ. ನೀನು ಕಾಲು ತುಳಿಸ್ಕೊಂಡವಳ ಥರ ಕಿರುಚ್ತಿದೀಯ."

"ನೀವೇ ಒಳಗ್ ಬಂದು ಒಂದು ಗುದ್ದಿಬಿಡಿ ಮಾವ, ಸರಿಯಾಗಿ ಬರುತ್ತೆ."

ಮೊದಲು ಮಾತು, ಕಿರುಚಾಟವೆಲ್ಲ ಕಟ್ಟಕಡೆಗೆ ಎನ್ನುವುದು ಅಲ್ಲಿ ಎಳೆಯರಿಗೂ ಗೊತ್ತಿದ್ದ ಕಟ್ಟಳೆ. ಕಿರುಚಿದ ಗಂಟಲಿನಲ್ಲಿ ಮಾತು ನಿಲ್ಲುವುದಿಲ್ಲ. ಆದರೆ ಈ ಸಲ ಮಾತುಗಳ ಅನುವಾದ ಬರುವುದು ತಡವಾಯಿತು. ಸ್ಟುಡಿಯೋ ಖಾಲಿ ಬಿಡುವುದೇಕೆ, ಪೆಟ್ಟುಗಳನ್ನೇ ಮುಗಿಸೋಣವೇ ಎಂದು ನಿರ್ದೇಶಕಿ ಅನುಮಾನಿಸುತ್ತ ಕೇಳಿದರು. "ನನ್ನ ಗಂಟಲು ಕಬ್ಬಿಣ ಮೇಡಂ" ಎಂದವಳು ಇವಳೇ. ಯಾರ ಮೇಲೂ ಗೂಬೆ ಕೂರಿಸುವಂತಿರಲಿಲ್ಲ.

ಎರಡನೆಯ ಸಂಜೆ ದನಿ ಸೀಳಿತು. ಮಾತುಗಳ ಹಾಳೆ ಬರಲು ಎಂಟು ದಿನವಿತ್ತು. ಅಷ್ಟರಲ್ಲಿ ಗಂಟಲನ್ನು ಉಳಿಸಿಕೊಳ್ಳಬೇಕೆಂದು ಅವಳು ಮನೆಯಲ್ಲಿ ಬರೀ ಪಿಸುಗುಟ್ಟಿದಳು. ಗಂಡನೊಂದಿಗೆ ಪಿಸುಮಾತು, ತರಕಾರಿಯವಳೊಂದಿಗೆ ಪಿಸುಮಾತು, ಬೆಳಿಗ್ಗೆ ಪ್ರಾರ್ಥನೆಯೂ ಪಿಸುಮಾತು. ಲಿಫ್ಟ್ ರಿಪೇರಿ ಮಾಡುವ ಗಂಡ, "ನಮ್ಮ ಮನೇಲಿ ಕಳ್ಳರು ಸಂಸಾರ ಮಾಡ್ತಿರೋ ಹಾಗಿದೆ ಕಣೇ" ಎಂದು ನಗಿಸುತ್ತಿದ್ದ. ಎಂಟನೆಯ ದಿನ ಬೆಳಿಗ್ಗೆ ಪಿಸುಮಾತೂ ಬರಲಿಲ್ಲ.

ಡಾಕ್ಟರಮ್ಮ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಗಂಟಲಿನ ತಂತುವಿನ ಮೇಲೆ ಅಕ್ಕಿಕಾಳಿನಷ್ಟು ಗಂಟು, ಸುತ್ತಲೂ ಕೆಂಪು.

"ಕಿರುಚಿದ ಮೇಲೆ ಏನ್ ಮಾಡಿದ್ರಿ?"

ಅವಳು ಹಾಳೆಯಲ್ಲಿ ಬರೆದು ತೋರಿಸಿದಳು: ಪಿಸುಗುಟ್ಟಿದೆ.

"ಅಯ್ಯೋ! ದನಿ ನಂಬಿ ಬದುಕೋರೇ ಮಾಡೋ ತಪ್ಪು ಇದು. ಗಾಯವಾದ ಗಂಟಲನ್ನ ಹಿಂಡಿ ಹಿಂಡಿ ಪಿಸುಗುಟ್ಟೋದಕ್ಕಿಂತ ಮೆತ್ತಗೆ ಮಾತಾಡಿದ್ರೇ ವಾಸಿ ಇತ್ತು. ಇನ್ನು ಆರು ವಾರ ಪೂರ್ತಿ ಮೌನ. ದೇವರ ಹತ್ರಾನೂ ಪಿಸುಗುಟ್ಟಬೇಡಿ, ಮನಸ್ಸಲ್ಲೇ ಹೇಳಿ. ಕೇಳದೆ ಮಾತಾಡಿದ್ರೆ ದನಿ ವಾಪಸ್ ಬರುತ್ತೆ ಅಂತ ನಾನು ಹೇಳಲಾರೆ."

ಅದು ಎಲ್ಲಕ್ಕಿಂತ ಕಷ್ಟವಾಯಿತು. ತುಟಿ ಅಲುಗದೆ ಪ್ರಾರ್ಥಿಸಿ ಅವಳಿಗೆ ಅಭ್ಯಾಸವಿರಲಿಲ್ಲ. ಮನಸ್ಸಿನಲ್ಲಿ ಆಡಿದ್ದು ಅರ್ಧ ದಾರಿಯಲ್ಲೇ ಕಳೆದುಹೋಗಿ, ಕೈಮುಗಿದು ಕೂತವಳು ಹಾಲು ಉಕ್ಕಿತೇನೋ ಎಂದು ಯೋಚಿಸುತ್ತಿದ್ದಳು.

ಮರುದಿನ ನಿರ್ದೇಶಕಿ ಮನೆಗೇ ಬಂದರು. ಗೇಮು ಎಲ್ಲ ಭಾಷೆಗಳಲ್ಲಿ ಒಂದೇ ದಿನ ಹೊರಬರುವಂಥದ್ದು. ಆರು ವಾರ ಕಾಯುವಂತಿಲ್ಲ. "ಮಾತು ಎರಡೇ ದಿನದ ಕೆಲಸ ಇತ್ತು" ಎಂದು ನೆಲ ನೋಡುತ್ತ ಹೇಳಿ, "ಬೇರೆಯವರ ಕೈಲಿ ಹೇಳಿಸಿದ್ರೆ ಕಿಡಿ ಕಿಡಿಯಾಗಿರಲ್ಲ. ನಿಮ್ಮ ನಾದಿನಿಯ ದನಿ ಮಾತ್ರ ಹತ್ತಿರ ಹತ್ತಿರ ಬರುತ್ತೆ" ಎಂದರು.

ನಾದಿನಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಇವರ ಮನೆಯಲ್ಲೇ ಇದ್ದಳು. ಸರಣಿಯಲ್ಲಿ ಜನಜಂಗುಳಿಯ ಗದ್ದಲ ಬೇಕಾದಾಗ ಅತ್ತಿಗೆಯ ಜೊತೆ ಹೋಗಿ ಕೂಗಿ ಬರುತ್ತಿದ್ದಳು. ಅತ್ತಿಗೆಯನ್ನು ಅಣಕಿಸಲೆಂದೇ ಕಿಡಿಯ ದನಿ ಕಲಿತಿದ್ದಳು. "ಉಪ್ಪು ಕಡಿಮೆ, ದೈತ್ಯನೇ! ನಿನ್ನನ್ನು ಬಿಡೆನು!" ಎಂದು ಊಟದ ತಟ್ಟೆ ಮುಂದೆ ಗುಡುಗುವುದು ಅವಳ ನಿತ್ಯದ ಚೇಷ್ಟೆ. ಈಗ ಮುಖ ಚಿಕ್ಕದು ಮಾಡಿಕೊಂಡು ಬಾಗಿಲಲ್ಲಿ ನಿಂತಳು.

"ಅತ್ತಿಗೆ, ನೀವು ಹೂಂ ಅನ್ನದೆ ನಾನು ಹೋಗಲ್ಲ. ಆದ್ರೆ ಈಗ ನೀವು ಹೂಂ ಅನ್ನೋ ಹಾಗೂ ಇಲ್ಲವಲ್ಲ!"

ಅವಳು ನಗಲಿಲ್ಲ, ತಲೆಯಾಡಿಸಲೂ ಇಲ್ಲ. ಕಾಗದದ ಮೇಲೆ ಬರೆದಳು: ನಾನೇ ಬರುತ್ತೇನೆ.

"ಹುಚ್ಚೇನೆ ನಿನಗೆ?" ಎಂದ ಗಂಡ. ಮದುವೆಯಾದಾಗಿನಿಂದ ದನಿ ಏರಿಸದವನು ಅಂದು ಏರಿಸಿದ. ಅವಳು ಆ ಕಾಗದವನ್ನೇ ಮತ್ತೊಮ್ಮೆ ತೋರಿಸಿದಳು. ಎರಡು ದಿನ ತಾನೇ? ಹನ್ನೊಂದು ವರ್ಷ ಕಾಪಾಡಿದ ದೇವರು ಎರಡು ದಿನ ಕಾಪಾಡುವುದಿಲ್ಲವೇ? ಅದು ನಂಬಿಕೆಯೋ ಹಟವೋ ಎಂದು ಅವಳಿಗೇ ಗೊತ್ತಿರಲಿಲ್ಲ. ತನ್ನ ಹುಡುಗನನ್ನು ಇನ್ನೊಬ್ಬರ ಮಡಿಲಿಗೆ ಹಾಕಲಾರೆ ಎನ್ನುವುದಷ್ಟೇ ಗೊತ್ತಿತ್ತು.

ಸ್ಟುಡಿಯೋಗೆ ಅತ್ತಿಗೆ, ನಾದಿನಿ ಇಬ್ಬರೂ ಹೋದರು. ಅತ್ತಿಗೆ ಮೈಕಿನ ಮುಂದೆ ನಿಂತು ಕಣ್ಣು ಮುಚ್ಚಿದಳು. ಮಾವ ಯಂತ್ರ ಚಾಲೂ ಮಾಡಿದ. ಹಾಳೆಯ ಮೊದಲ ಮಾತು: ನನಗೆ ಭಯ ಇಲ್ಲ. "ನನಗೆ ಭಯ" ಎನ್ನುವವರೆಗೆ ಕಿಡಿ ಬಂದ. "ಇಲ್ಲ" ಎನ್ನುವಲ್ಲಿ ಗಾಳಿ ಮಾತ್ರ ಬಂತು. ತೂತಾದ ಟೈರಿನ ಗಾಳಿ. ಸದಾ ಗೇಲಿ ಮಾಡುವ ಮಾವ ಯಾವುದೋ ಗುಂಡಿಯನ್ನು ಸುಮ್ಮನೆ ಒರೆಸುತ್ತ ಕೂತ.

ಅವಳು ಹೆಡ್‌ಫೋನ್ ತೆಗೆದಳು. ನಾದಿನಿಯನ್ನು ಒಳಗೆ ಕರೆದು, ಅದನ್ನು ಅವಳ ಕಿವಿಗಿಟ್ಟು, ಕೂದಲು ಸಿಕ್ಕಿಕೊಳ್ಳದಂತೆ ಸರಿಮಾಡಿದಳು.

ನಾದಿನಿಯ ಕಿಡಿ ಜೋರಾಗಿದ್ದ, ಧೀರನಾಗಿದ್ದ, ಥೇಟ್ ಊಟದ ತಟ್ಟೆಯ ಮುಂದಿನವನಂತೆ. ನಿರ್ದೇಶಕಿ ಮೂರು ಸಲ ಹೇಳಿಸಿ ಪೆನ್ನು ಕೆಳಗಿಟ್ಟರು. ಏನು ತಪ್ಪಿದೆಯೆಂದು ಅತ್ತಿಗೆಗೆ ಗೊತ್ತಿತ್ತು: ಕಿಡಿ ಹೆದರುಪುಕ್ಕಲ. ಪ್ರತಿ ಮಾತಿಗೂ ಮುಂಚೆ ಒಳಗೇ ಉಗುಳು ನುಂಗುತ್ತಾನೆ. ಇದನ್ನು ಹೇಳಲು ಬಾಯಿಲ್ಲ. ನಾದಿನಿಯ ಮಣಿಕಟ್ಟು ಹಿಡಿದು ನಿಂತಳು. ಮಾತು ಶುರುವಾಗುವ ಜಾಗದಲ್ಲಿ ಒತ್ತಿ ತಡೆದಳು, ಸಡಿಲ ಬಿಟ್ಟಾಗ ಆಡು ಎಂದು ಕಣ್ಣಲ್ಲೇ ಹೇಳಿದಳು.

"ನನಗೆ..." ಒತ್ತಿದಳು, ಬಿಟ್ಟಳು. "ಭಯ ಇಲ್ಲ."

"ಬಂದ ನೋಡಿ" ಎಂದ ಮಾವ ಮೆಲ್ಲಗೆ.

ಎರಡು ದಿನವೂ ಹಾಗೇ ನಡೆಯಿತು. ಪೆಟ್ಟುಗಳನ್ನು ಮತ್ತೆ ಮಾಡಿಸಲು ಸಮಯವೂ ಇರಲಿಲ್ಲ, ಅವು ಅಷ್ಟು ಚೆನ್ನಾಗಿಯೂ ಬಂದಿದ್ದವು. ಹೀಗಾಗಿ ಒಂದೇ ಹುಡುಗನಲ್ಲಿ ಮಾತು ನಾದಿನಿಯದು, ನರಳಾಟ ಅತ್ತಿಗೆಯದು ಆಗಿ ಉಳಿಯಿತು.

ಆರು ವಾರ ಕಳೆದ ಮೇಲೆ ದನಿ ಬಂತು. ದಪ್ಪಗೆ, ತಗ್ಗಿನಲ್ಲಿ, ಯಾರೋ ದೊಡ್ಡಮ್ಮನದು ಎಂಬಂತೆ. ಗಂಟು ಕರಗಿದೆ ಎಂದರು ಡಾಕ್ಟರಮ್ಮ. "ಮನೆಮಾತಿಗೆ ಏನೂ ತೊಂದರೆಯಿಲ್ಲ. ಹುಡುಗನ ದನಿಗೆ ಮಾತ್ರ ಇನ್ನು ಕೈ ಹಾಕಬೇಡಿ." ಸರಣಿಯ ಮುಂದಿನ ಭಾಗಕ್ಕೂ ನಾದಿನಿಯನ್ನೇ ಕರೆದರು. ಅವಳು ಒಪ್ಪಿಗೆ ಕೇಳಿದಾಗ ಅತ್ತಿಗೆ ಹೊಸ ದನಿಯಲ್ಲಿ "ಹೋಗು" ಎಂದಳು. ಆ ಒಂದು ಮಾತಿಗೆ ಇಬ್ಬರೂ ಬೆಚ್ಚಿದರು.

ಒಂದು ಭಾನುವಾರ ಬೆಳಿಗ್ಗೆ ನಾದಿನಿ ಗೇಮನ್ನು ಮನೆಗೆ ತಂದು ಟಿವಿಗೆ ಜೋಡಿಸಿದಳು. ಮೊದಲು ಗಂಡ ಕೂತ. ಕಿಡಿ ತೆರೆಯ ಮೇಲೆ ನಿಂತು, ನನಗೆ ಭಯ ಇಲ್ಲ ಎಂದ. ದೈತ್ಯ ಒಂದು ಗುದ್ದಿದ. ಕೋಣೆಯ ತುಂಬ ಹೆಂಡತಿಯ ಹಳೆಯ ದನಿ ಚೀರಿತು. ಗಂಡ ಕಂಟ್ರೋಲರನ್ನು ಬಿಸಿ ಪಾತ್ರೆಯಂತೆ ಕೆಳಗಿಟ್ಟ.

"ನನ್ನ ಕೈಲಾಗಲ್ಲಪ್ಪ ಇದು."

"ಕೊಡಿ ಇಲ್ಲಿ" ಎಂದು ಅವಳು ತೆಗೆದುಕೊಂಡಳು.

ಕಿಡಿ ಮತ್ತೆ ಎದ್ದು ನಿಂತ. ದೈತ್ಯ ಹೊಟ್ಟೆಗೆ ಗುದ್ದಿದ, ಬೆನ್ನಿಗೆ ಒದ್ದ, ಗೋಡೆಗೆ ಎಸೆದ.

"ಅತ್ತಿಗೆ, ತಡೀರಿ! ಆ ನೀಲಿ ಗುಂಡಿ ಒತ್ತಿ, ಅವನು ತಪ್ಪಿಸ್ಕೋತಾನೆ. ಒತ್ತೀ, ಸಾಯ್ತಾನೆ!"

"ಗೊತ್ತು" ಎಂದಳು ಅವಳು. ಬೆರಳು ಗುಂಡಿಯ ಮೇಲೇ ಇತ್ತು. ಒತ್ತಲಿಲ್ಲ. ತಲೆಯನ್ನು ಸ್ವಲ್ಪ ವಾರೆ ಮಾಡಿ, ಟಿವಿಯ ಹತ್ತಿರಕ್ಕೆ ಸರಿದು ಕೂತು, ಒಂದೊಂದು ಪೆಟ್ಟನ್ನೂ ಕೇಳಿದಳು.